ಕಡಲಾಚೆಯ ಮನೆಗೆ ಬಂದ ನೆಂಟರು: ಮದ್ರಾಸು–ಆಫ್ರಿಕ ನಂಟಿನ ಒಂದು ಚರಿತ್ರೆ

ಚೆನ್ನೈ ನಗರದ ಪಶ್ಚಿಮ ಅಂಚಿನ ಅಂಬತ್ತೂರು ಇಂದು ಮಹಾನಗರಪಾಲಿಕೆಯ ಒಂದು ವಲಯ. 1960ರ ದಶಕದಲ್ಲಿ ಅಲ್ಲಿ ತಲೆಯೆತ್ತಿದ ಕೈಗಾರಿಕಾ ವಸಾಹತಿನಿಂದಾಗಿ ಅದಕ್ಕೆ ನಾಡಿನ ತುಂಬ ಹೆಸರು. ಹತ್ತೊಂಬತ್ತನೆಯ ಶತಮಾನದಲ್ಲಾದರೋ ಅದು ಚೆಂಗಲ್ಪಟ್ಟು ಜಿಲ್ಲೆಗೆ ಸೇರಿದ, ದೊಡ್ಡ ಕೆರೆಯೊಂದರ ಆಸರೆಯಲ್ಲಿ ಬದುಕುತ್ತಿದ್ದ ಹಳ್ಳಿಯಾಗಿತ್ತು. ದಕ್ಷಿಣ ಭಾರತದ ಮೊದಲ ರೈಲು ಮಾರ್ಗ 1856ರಲ್ಲಿ ಮದ್ರಾಸಿನ ರಾಯಪುರದಿಂದ ಆರ್ಕಾಟಿನ ದಿಕ್ಕಿಗೆ ಹೊರಟಾಗ ಈ ಹಳ್ಳಿಯ ಮಗ್ಗುಲಲ್ಲೇ ಹಾದುಹೋಯಿತು, 1864ರಲ್ಲಿ ಅದರದೇ ಕವಲೊಂದು ಜೋಲಾರಪೇಟೆಯಿಂದ ಹೊರಳಿ ಬೆಂಗಳೂರನ್ನು ಮುಟ್ಟಿತು. ಮೈಸೂರು ಸೀಮೆಯವರು ಮದ್ರಾಸಿನ ಬಂದರಿಗೆ ಹೋಗಲು ಹಿಡಿದ ದಾರಿ ಇದೇ. ಅಲ್ಲಿಂದ ಆಫ್ರಿಕದ ಪೂರ್ವ ಮತ್ತು ದಕ್ಷಿಣ ತೀರಗಳಿಗೆ ಹಡಗು ಹತ್ತಿದವರಲ್ಲಿ ಕೆಲವರು ದುಡಿಯಲು ಹೋದರು, ಕೆಲವರು ಸರ್ಕಾರದ ಸೇವೆಗೆ ಹೋದರು, ಇನ್ನು ಕೆಲವರು ಹಾಗೆ ಹೋದವರನ್ನು ಒಮ್ಮೆ ಕಂಡು ಬರಲು ಹೋದರು. ಈ ಮೂರನೆಯವರ ಚರಿತ್ರೆಯನ್ನು ಬರೆದವರು ಕಡಿಮೆ. ದೂರದ ನಾಡಿನಲ್ಲಿರುವ ಮಗನ ಅಥವಾ ಮಗಳ ಮನೆಗೆ ತಂದೆತಾಯಿ, ಒಡಹುಟ್ಟಿದವರು ನೆಂಟರಾಗಿ ಹೋಗುವುದು ಮೇಲುನೋಟಕ್ಕೆ ಮನೆಯೊಳಗಿನ ಸಂಗತಿಯಂತೆ ಕಾಣುತ್ತದೆ. ಆದರೆ ಆಫ್ರಿಕದ ಮಟ್ಟಿಗೆ ಯಾರು ನೆಂಟರು, ಯಾರು ಬಳಗ, ಯಾರು ಎಷ್ಟು ದಿನ ಉಳಿಯಬಹುದು ಎಂಬುದನ್ನು ನೂರೈವತ್ತು ವರ್ಷಗಳ ಕಾಲ ತೀರ್ಮಾನಿಸಿದ್ದು ಮನೆಯ ಯಜಮಾನನಲ್ಲ, ಕಾನೂನು, ಹಡಗಿನ ಟಿಕೆಟ್ಟು, ಉದ್ಯೋಗದ ಕರಾರು ಮತ್ತು ಲಸಿಕೆಯ ಚೀಟಿ.

ಮೊದಲ ಘಟ್ಟದಲ್ಲಿ ನೆಂಟಸ್ತಿಕೆಗೆ ಎಡೆಯೇ ಇರಲಿಲ್ಲ. 1860ರ ಅಕ್ಟೋಬರಿನಲ್ಲಿ ಮದ್ರಾಸು ಬಿಟ್ಟ 'ಟ್ರೂರೊ' ಎಂಬ ಹಡಗು ನವೆಂಬರ್ 16ರಂದು 342 ಜನರನ್ನು ಡರ್ಬನ್ ಬಂದರಿನಲ್ಲಿ ಇಳಿಸಿತು. ಅಲ್ಲಿಂದ 1911ರವರೆಗೆ ಸುಮಾರು 1,52,000 ಭಾರತೀಯರು ದಕ್ಷಿಣ ಆಫ್ರಿಕದ ನೆಟಾಲ್ ಪ್ರಾಂತಕ್ಕೆ ಕರಾರು ಕೂಲಿಗಳಾಗಿ, ಎಂದರೆ ಐದು ವರ್ಷ ಒಬ್ಬನೇ ಧಣಿಯ ಕಬ್ಬಿನ ತೋಟದಲ್ಲೋ ಗಣಿಯಲ್ಲೋ ರೈಲ್ವೆಯಲ್ಲೋ ದುಡಿಯುವ ಒಪ್ಪಂದಕ್ಕೆ ಹೆಬ್ಬೆಟ್ಟು ಒತ್ತಿದವರಾಗಿ, ಹೋದರು. ಅವರಲ್ಲಿ ಹೆಚ್ಚಿನವರು ಮದ್ರಾಸು ಬಂದರಿನಿಂದಲೇ ಹೊರಟವರು. ಈ ಹಡಗುಗಳ ಪಟ್ಟಿಗಳು ಇಂದಿಗೂ ಉಳಿದಿವೆ. ಒಂದೊಂದು ಸಾಲಿನಲ್ಲಿ ಒಬ್ಬೊಬ್ಬರ ಸಂಖ್ಯೆ, ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಎತ್ತರ, ಮೈಮೇಲಿನ ಗುರುತು, ಜಿಲ್ಲೆ, ತಾಲ್ಲೂಕು, ಹಳ್ಳಿ ಎಂದು ಅಂಕಣಗಳಿದ್ದು, ಎಡಗೆನ್ನೆಯ ಮಚ್ಚೆ, ಮೊಣಕಾಲಿನ ಗಾಯದ ಕಲೆ, ಮುಂಗೈಯ ಹಚ್ಚೆ ಮುಂತಾದ ಗುರುತುಗಳಿಂದ ಮನುಷ್ಯರನ್ನು ಪತ್ತೆಹಚ್ಚುವ ಏರ್ಪಾಡು ಅದು. ಜಿಲ್ಲೆಯ ಅಂಕಣದಲ್ಲಿ ಉತ್ತರ ಆರ್ಕಾಟು, ದಕ್ಷಿಣ ಆರ್ಕಾಟು, ಚೆಂಗಲ್ಪಟ್ಟುಗಳು ಮತ್ತೆ ಮತ್ತೆ ಬರುತ್ತವೆ. ನಡುನಡುವೆ ಮೈಸೂರು, ಬೆಂಗಳೂರು ಎಂದು ಬರೆಸಿದವರೂ ಸಿಗುತ್ತಾರೆ. 1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ಬರಿದುಮಾಡಿದ ಧಾತು–ಈಶ್ವರ ಸಂವತ್ಸರಗಳ ಕ್ಷಾಮವನ್ನು ನೆನೆದರೆ, ಹೊಸದಾಗಿ ಬಂದ ರೈಲು ಹಸಿದವರನ್ನು ಎಲ್ಲೆಲ್ಲಿಗೆ ಒಯ್ದಿತು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಆ ಪಟ್ಟಿಯಲ್ಲಿ ಊರಿನ ಹೆಸರಿತ್ತು, ಆದರೆ ಊರಿನವರು ಅಲ್ಲಿಗೆ ಬರುವ ದಾರಿ ಇರಲಿಲ್ಲ. ನೂರು ಗಂಡಸರಿಗೆ ನಲವತ್ತು ಹೆಂಗಸರಾದರೂ ಹಡಗಿನಲ್ಲಿ ಇರಬೇಕೆಂಬ ನಿಯಮವಿದ್ದುದು ಕೂಲಿಗಳ ಸಂಸಾರಸುಖಕ್ಕಾಗಿ ಅಲ್ಲ, ತೋಟಗಳಲ್ಲಿ ದುಡಿಮೆ ಕೆಡದಿರಲೆಂದು. ಹಾಗಾಗಿ ಹೆಚ್ಚಿನ ಗಂಡಸರು ಒಂಟಿಯಾಗಿಯೇ ಹೋದರು. ವಸಾಹತಿನಲ್ಲಿ ಹತ್ತು ವರ್ಷ ಕಳೆದವರಿಗೆ ಮರಳಿ ಬರುವ ಹಡಗಿನ ಖರ್ಚನ್ನು ಸರ್ಕಾರ ಕೊಡುತ್ತಿತ್ತಾದರೂ, ಒಮ್ಮೆ ಊರಿಗೆ ಬಂದು ತಾಯಿಯ ಮುಖ ನೋಡಿ ಮತ್ತೆ ಹೋಗುವ ಏರ್ಪಾಡು ಆ ವ್ಯವಸ್ಥೆಯಲ್ಲಿ ಇರಲಿಲ್ಲ. ಚೆಂಗಲ್ಪಟ್ಟಿನ ಹಳ್ಳಿಯ ತಾಯಿಯೊಬ್ಬಳು ನೆಟಾಲಿನ ಕಬ್ಬಿನ ತೋಟದ ಬ್ಯಾರಕ್ಕಿನಲ್ಲಿದ್ದ ಮಗನ ಮನೆಗೆ ನಾಲ್ಕು ದಿನ ಇದ್ದು ಬರಲು ಹೋಗುವುದು ಆಗಿನ ಲೋಕದಲ್ಲಿ ಊಹೆಗೂ ನಿಲುಕದ ಮಾತು. ಕರ್ನಾಟಕದ ಮೂಲದವರು ಅಲ್ಲಿ ತಮಿಳು, ತೆಲುಗು ಸಮುದಾಯಗಳೊಳಗೆ ಕರಗಿ, ಮೂರು ತಲೆಮಾರಿನೊಳಗೆ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಳ್ಳಲಾರದೆ ಹೋದುದಕ್ಕೆ ಸಂಖ್ಯೆ ಕಡಿಮೆಯಿದ್ದುದು ಮೊದಲ ಕಾರಣ. ಊರಿನಿಂದ ಒಬ್ಬ ಅಜ್ಜಿಯೂ ಬಂದು ಮೊಮ್ಮಕ್ಕಳ ಜೊತೆ ಮಾತಾಡುವ ಅವಕಾಶವಿಲ್ಲದೆ ಹೋದುದನ್ನೂ ಆ ಕಾರಣದ ಪಕ್ಕದಲ್ಲೇ ಇಡಬೇಕು.

ಕೂಲಿಗಳಲ್ಲದೆ, ತಮ್ಮ ಹಣದಿಂದಲೇ ಟಿಕೆಟ್ಟು ಕೊಂಡು ಹೋಗುತ್ತಿದ್ದ ವ್ಯಾಪಾರಿಗಳನ್ನೂ ವಕೀಲರನ್ನೂ 'ಪ್ರಯಾಣಿಕ ಭಾರತೀಯರು' ಎಂದು ಕರೆಯುತ್ತಿದ್ದರು. ಅವರ ಮನೆಯವರು ಬಂದಿಳಿಯುವುದು ಕೂಡ ಬಿಳಿಯರ ವಸಾಹತಿಗೆ ಎಂಥ ಬೆದರಿಕೆಯಾಗಿ ಕಂಡಿತ್ತೆಂಬುದಕ್ಕೆ ಎಲ್ಲರಿಗೂ ಪರಿಚಿತವಾದ ಒಂದು ನಿದರ್ಶನವಿದೆ. 1896ರ ಡಿಸೆಂಬರಿನಲ್ಲಿ ಮೋಹನದಾಸ ಗಾಂಧಿಯವರು ಕಸ್ತೂರ್‌ಬಾ, ಇಬ್ಬರು ಗಂಡುಮಕ್ಕಳು ಮತ್ತು ವಿಧವೆಯಾಗಿದ್ದ ಅಕ್ಕನ ಮಗನನ್ನು ಕರೆದುಕೊಂಡು 'ಕೋರ್ಲೆಂಡ್' ಹಡಗಿನಲ್ಲಿ ಡರ್ಬನ್ ತಲುಪಿದರು. ಮುಂಬೈಯಲ್ಲಿ ಪ್ಲೇಗಿದೆ ಎಂಬ ಕಾರಣ ಕೊಟ್ಟು ಹಡಗನ್ನು ಸಂಪರ್ಕನಿಷೇಧದಲ್ಲಿ, ಅಂದರೆ ರೋಗ ಹರಡದಂತೆ ಯಾರನ್ನೂ ಇಳಿಯಗೊಡದೆ ದಡದಿಂದ ದೂರ ನಿಲ್ಲಿಸಿಡುವ ಕ್ರಮದಲ್ಲಿ, ಮೂರು ವಾರಗಳಿಗೂ ಮೀರಿ ಇರಿಸಲಾಯಿತು. 1897ರ ಜನವರಿ 13ರಂದು ಇಳಿದಾಗ ಗಾಂಧಿಯವರ ಮೇಲೆ ಗುಂಪು ಕೈಮಾಡಿತು. ಆ ಗದ್ದಲದ ನಡುವೆ ಚರಿತ್ರೆಕಾರರು ಬೇಗ ದಾಟಿಹೋಗುವ ವಿವರವೆಂದರೆ ಅಕ್ಕನ ಮಗನದು. ಸೋದರಳಿಯನನ್ನು ಸ್ವಂತ ಮಗನಂತೆ ಕರೆತರುವುದು ಗುಜರಾತಿನ ಮನೆಗೂ ಕನ್ನಡದ ಮನೆಗೂ ಸಹಜವಾದದ್ದು. 1897ರಲ್ಲೇ ನೆಟಾಲ್ ಶಾಸನಸಭೆ ಹೊರಡಿಸಿದ ವಲಸೆ ನಿರ್ಬಂಧ ಕಾಯ್ದೆಯಾದರೋ ಐರೋಪ್ಯ ಭಾಷೆಯೊಂದರಲ್ಲಿ ಅರ್ಜಿ ಬರೆಯಲಾರದವರಿಗೆ ಬಾಗಿಲು ಮುಚ್ಚಿ, ವಿನಾಯಿತಿಯನ್ನು ಹೆಂಡತಿಗೂ ಅಪ್ರಾಪ್ತ ಮಕ್ಕಳಿಗೂ ಮಾತ್ರ ಕೊಟ್ಟಿತು. ತಾಯಿ, ತಂಗಿ, ಅತ್ತೆ, ಅಳಿಯ ಇವರಾರೂ ಆ ಕಾಯ್ದೆಯ ಕಣ್ಣಿಗೆ ಮನೆಯವರಲ್ಲ.

ಮುಂದೆ ಆ ಕಿರಿದಾದ ಬಾಗಿಲೂ ಮುಚ್ಚುವ ಹಂತಕ್ಕೆ ಬಂತು. 1913ರ ಮಾರ್ಚಿಯಲ್ಲಿ ಕೇಪ್ ಪ್ರಾಂತದ ನ್ಯಾಯಾಧೀಶ ಸರ್ಲ್, ಬಹುಪತ್ನಿತ್ವಕ್ಕೆ ಎಡೆಯಿರುವ ಧರ್ಮದ ವಿಧಿಯಿಂದ ಆದ ಮದುವೆ ಅಲ್ಲಿಯ ಕಾನೂನಿಗೆ ಮದುವೆಯಲ್ಲ ಎಂದು ತೀರ್ಪಿತ್ತಾಗ, ಹಿಂದೂ–ಮುಸ್ಲಿಂ ಹೆಂಡತಿಯರೆಲ್ಲ ಒಂದೇ ಏಟಿಗೆ ಪರರಾದರು; ಆ ವರ್ಷದ ಸತ್ಯಾಗ್ರಹಕ್ಕೆ ಹೆಂಗಸರು ಇಳಿಯಲು ಈ ಅವಮಾನವೇ ದೊಡ್ಡ ಕಾರಣ. 1914ರ ಭಾರತೀಯರ ಪರಿಹಾರ ಕಾಯ್ದೆ ಒಬ್ಬ ಹೆಂಡತಿಯನ್ನೂ ಅವಳ ಮಕ್ಕಳನ್ನೂ ಒಪ್ಪಿಕೊಂಡಿತು. 1927ರ ಕೇಪ್‌ಟೌನ್ ಒಪ್ಪಂದ, ಮೂರು ವರ್ಷ ಎಡೆಬಿಡದೆ ಹೊರಗಿದ್ದವರು ಅಲ್ಲಿಯ ವಾಸದ ಹಕ್ಕನ್ನು ಕಳೆದುಕೊಳ್ಳುತ್ತಾರೆ ಎಂಬ ನಿಯಮವನ್ನು ತಂದಿತು; ಹೀಗಾಗಿ ಮದ್ರಾಸಿನ ಕಡೆಯ ಹಳ್ಳಿಗೆ ನೆಂಟರನ್ನು ನೋಡಲು ಬಂದವರು ಆಸ್ತಿಯ ವ್ಯಾಜ್ಯಕ್ಕೋ ಕಾಯಿಲೆಗೋ ಸಿಕ್ಕಿ ಗಡುವು ಮೀರಿದರೆ, ಡರ್ಬನ್ನಿನ ಮನೆಗೆ ತಾವೇ ಹೊರಗಿನವರಾಗುತ್ತಿದ್ದರು.

ಆ ಒಪ್ಪಂದದ ಫಲವಾಗಿಯೇ ಭಾರತ ಸರ್ಕಾರ ದಕ್ಷಿಣ ಆಫ್ರಿಕದಲ್ಲಿ ತನ್ನ ಏಜೆಂಟನೊಬ್ಬನನ್ನು, ಎಂದರೆ ಅಲ್ಲಿಯ ಭಾರತೀಯರ ಹಿತ ನೋಡಿಕೊಳ್ಳುವ ಪ್ರತಿನಿಧಿಯನ್ನು, ಇರಿಸತೊಡಗಿತು. ಮೊದಲಿಗೆ ಹೋದವರು ಮದ್ರಾಸಿನ ವಿ.ಎಸ್. ಶ್ರೀನಿವಾಸ ಶಾಸ್ತ್ರಿಗಳು. 1938ರಲ್ಲಿ, ಹುದ್ದೆಯ ಹೆಸರು ಏಜೆಂಟ್ ಜನರಲ್ ಎಂದು ಬದಲಾಗಿದ್ದ ಕಾಲಕ್ಕೆ, ಆ ಸ್ಥಾನಕ್ಕೆ ಬಂದವರು ಬೆನಗಲ್ ರಾಮರಾವ್. ಕನ್ನಡ ನಾಡಿನ ಮಟ್ಟಿಗೆ, ಆಫ್ರಿಕದಲ್ಲಿ ಸೇವೆಯಲ್ಲಿದ್ದುಕೊಂಡು ಮನೆಯವರನ್ನು ಬರಮಾಡಿಕೊಂಡ ಕುಟುಂಬಗಳಲ್ಲಿ ಅಚ್ಚಿನಲ್ಲಿ ದಾಖಲೆ ಉಳಿಸಿದ ಮುಖ್ಯವಾದ ಕುಟುಂಬ ಇದೇ ಆದ್ದರಿಂದ, ಇದರ ವಿವರಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ರಾಮರಾಯರು ದಕ್ಷಿಣ ಕನ್ನಡದ ಬೆನಗಲ್ ಮನೆತನದವರು. ಸಂವಿಧಾನ ಸಭೆಯ ಸಲಹೆಗಾರರಾಗಿ ಖ್ಯಾತರಾದ ಬೆನಗಲ್ ನರಸಿಂಗರಾಯರು ಅವರ ಅಣ್ಣ, ಪತ್ರಕರ್ತರೂ ಮೊದಲ ಲೋಕಸಭೆಯ ಸದಸ್ಯರೂ ಆದ ಶಿವರಾಯರು ತಮ್ಮ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು, ಕೇಂಬ್ರಿಜ್‌ಗಳಲ್ಲಿ ಓದಿ ಐಸಿಎಸ್ ಸೇರಿ, ಮದ್ರಾಸು ಪ್ರಾಂತದಲ್ಲಿ ಸೇವೆ ಆರಂಭಿಸಿದವರು. ಅವರ ಪತ್ನಿ ಧನ್ವಂತಿಯವರು ಹುಟ್ಟಿನಿಂದ ಕಾಶ್ಮೀರಿ ಪಂಡಿತ ಮನೆತನಕ್ಕೆ ಸೇರಿದವರಾದರೂ ಬೆಳೆದದ್ದು ಹುಬ್ಬಳ್ಳಿಯಲ್ಲಿ, ಕನ್ನಡದ ಜನರ ನಡುವೆ. ಅವರೂ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಅಲ್ಲಿಯ ಕ್ವೀನ್ ಮೇರಿ ಕಾಲೇಜಿನಲ್ಲಿ ಪಾಠ ಹೇಳಿದ್ದರು, ಮುಂದೆ ಕುಟುಂಬ ಯೋಜನೆಯ ಚಳವಳಿಗೆ ಭಾರತದಲ್ಲಿ ಬುನಾದಿ ಹಾಕಿದರು. ಹೀಗೆ ಕರಾವಳಿ, ಹುಬ್ಬಳ್ಳಿ, ಮದ್ರಾಸುಗಳು ಸೇರಿದ ಈ ಮನೆಯ ಕಿರಿಯ ಮಗಳು ಶಾಂತಾ 1923ರಲ್ಲಿ ಮದ್ರಾಸಿನಲ್ಲಿ ಹುಟ್ಟಿದರು. ತಂದೆ ಲಂಡನ್ನಿನಲ್ಲಿ ಹುದ್ದೆಯಲ್ಲಿದ್ದಾಗ ಅಲ್ಲಿಯ ಶಾಲೆ ಸೇರಿದ್ದ ಮಕ್ಕಳು, ತಂದೆ ಆಫ್ರಿಕಕ್ಕೆ ವರ್ಗವಾದ ಮೇಲೂ ಇಂಗ್ಲೆಂಡಿನಲ್ಲೇ ಓದು ಮುಂದುವರಿಸಿದರು. ಅಂದರೆ ರಾಯಭಾರಿಯ ಸ್ವಂತ ಮಕ್ಕಳೇ ಅವರ ಮನೆಗೆ ರಜೆಯ ನೆಂಟರಾದರು.

1939ರಲ್ಲಿ ಶಾಂತಾ ಅವರು ಶಾಲೆ ಮುಗಿಸಿ ದಕ್ಷಿಣ ಆಫ್ರಿಕಕ್ಕೆ ಬಂದಿದ್ದಾಗ, ಸೆಪ್ಟೆಂಬರಿನಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ಅಟ್ಲಾಂಟಿಕ್ ಸಾಗರದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳ ಭಯ ಹರಡಿದ್ದ ಹೊತ್ತು ಅದು. ಕೆಲವು ಕಾಲ ಇದ್ದು ಹೋಗಲು ಬಂದವರು ಇಂಗ್ಲೆಂಡಿಗೆ ಮರಳುವ ಮಾತು ಬಿಟ್ಟು, ತಾಯಿಯೊಡನೆ ಮುಂಬೈಯ ಹಡಗು ಹತ್ತಿದರು. ಆರನೆಯ ವಯಸ್ಸಿನಲ್ಲಿ ಭಾರತ ಬಿಟ್ಟಿದ್ದ ಹುಡುಗಿ ಹದಿನಾರರಲ್ಲಿ, ಆಫ್ರಿಕದ ದಾರಿಯಾಗಿ, ಅಜ್ಜಿಯ ಮನೆಗೆ ಬಂದಳು. ಆ ಮರಳುವಿಕೆಯನ್ನು ಕುರಿತು ಅವರು ಬರೆದ 'ಹೋಂ ಟು ಇಂಡಿಯ' 1945ರಲ್ಲಿ ಪ್ರಕಟವಾಗಿ, ಶಾಂತಾ ರಾಮರಾವ್ ಎಂಬ ಹೆಸರನ್ನು ಇಂಗ್ಲಿಷ್ ಓದುಗರ ನಡುವೆ ನೆಲೆಗೊಳಿಸಿತು. ತಂದೆಯ ಮನೆಗೆ ಹೋದ ಒಂದು ಭೇಟಿ ಯುದ್ಧದ ಕಾರಣ ದಿಕ್ಕು ತಪ್ಪದಿದ್ದರೆ, ಆ ಲೇಖಕಿ ಬೇರೊಬ್ಬ ಲೇಖಕಿಯಾಗಿರುತ್ತಿದ್ದರು ಎನ್ನಲು ಅಡ್ಡಿಯಿಲ್ಲ.

ಈ ಕುಟುಂಬದ ಸ್ಥಿತಿಯನ್ನು ಅದೇ ನೆಲದಲ್ಲಿದ್ದ ಉಳಿದ ಭಾರತೀಯರ ಸ್ಥಿತಿಯ ಎದುರು ಇಟ್ಟು ನೋಡದಿದ್ದರೆ ಚಿತ್ರ ಅಪೂರ್ಣವಾಗುತ್ತದೆ. 1939ರಲ್ಲಿಯೇ ಟ್ರಾನ್ಸ್‌ವಾಲ್ ಪ್ರಾಂತದ ಏಷ್ಯದವರ ಭೂಮಿ ಮತ್ತು ವ್ಯಾಪಾರವನ್ನು ನಿರ್ಬಂಧಿಸುವ ಕಾಯ್ದೆ ಬಂದಿತ್ತು. ಅದರ ವಿರುದ್ಧ ವಾದಿಸುವುದೇ ರಾಮರಾಯರ ಕೆಲಸದ ಮುಖ್ಯ ಭಾಗವಾಗಿತ್ತು. ಚೆಂಗಲ್ಪಟ್ಟಿನಿಂದಲೋ ಆರ್ಕಾಟಿನಿಂದಲೋ ಹೋದವರ ಮೊಮ್ಮಕ್ಕಳು ಊರಿನಿಂದ ಚಿಕ್ಕಪ್ಪನನ್ನು ಕರೆಸಬೇಕೆಂದರೆ, ಅದು ಹಕ್ಕಾಗಿರಲಿಲ್ಲ, ಅಧಿಕಾರಿಯ ದಯೆಯಿಂದ ಸಿಗಬಹುದಾದ ತಾತ್ಕಾಲಿಕ ಪರವಾನಗಿಯಾಗಿತ್ತು. ಭಾರತ ಸರ್ಕಾರದ ಪ್ರತಿನಿಧಿಗೆ ಸೌಜನ್ಯವೆಂಬ ಹೆಸರಿನಲ್ಲಿ ಸಿಗುತ್ತಿದ್ದ ವಿನಾಯಿತಿ, ಆತ ಯಾರ ಪ್ರತಿನಿಧಿಯೋ ಆ ಜನಕ್ಕೆ ಸಿಗುತ್ತಿರಲಿಲ್ಲ. ಒಬ್ಬ ಅತಿಥೇಯನ ಮನೆಯ ಬಾಗಿಲು ಹುದ್ದೆಯ ಬಲದಿಂದ ತೆರೆದಿದ್ದು, ಉಳಿದವರ ಬಾಗಿಲು ಬಣ್ಣದ ಕಾರಣದಿಂದ ಅರೆಮುಚ್ಚಿದ್ದ ಈ ಸಂಗತಿ, ರಾಯಭಾರದ ಚರಿತ್ರೆಯಲ್ಲಿ ಅಡಿಟಿಪ್ಪಣಿಯಾಗಿ ಉಳಿಯಬಾರದಷ್ಟು ಗಂಭೀರವಾದುದು. 1946ರಲ್ಲಿ ಭಾರತ ತನ್ನ ಹೈಕಮಿಷನರನ್ನು ವಾಪಸು ಕರೆಸಿಕೊಂಡ ಮೇಲೆ ದಕ್ಷಿಣ ಆಫ್ರಿಕದ ದಾರಿ ದಶಕಗಳ ಕಾಲ ಹೆಚ್ಚುಕಡಿಮೆ ಮುಚ್ಚಿಯೇ ಹೋಯಿತು.

ಸ್ವಾತಂತ್ರ್ಯದ ನಂತರ ನೆಂಟರ ದಾರಿ ಉತ್ತರಕ್ಕೆ ಸರಿದು, ಪೂರ್ವ ಆಫ್ರಿಕವನ್ನು ಹಿಡಿಯಿತು. 'ಕಂಪಾಲ', 'ಕರಂಜ' ಎಂಬ ಬ್ರಿಟಿಷ್ ಇಂಡಿಯ ಕಂಪನಿಯ ಹಡಗುಗಳು ಮುಂಬೈಯಿಂದ ಮೊಂಬಾಸ, ದಾರ್ ಎಸ್ ಸಲಾಮ್‌ಗಳಿಗೆ 1970ರ ದಶಕದವರೆಗೂ ಓಡಾಡಿದವು. ಏರ್ ಇಂಡಿಯ 1950ರ ಜನವರಿಯಲ್ಲಿ ನೈರೋಬಿಗೆ ವಿಮಾನ ಆರಂಭಿಸಿತು.

ಹಡಗೂ ವಿಮಾನವೂ ಇದ್ದರೂ ತಂದೆತಾಯಿಯರನ್ನು ಕರೆಸಿಕೊಳ್ಳುವುದು ಸುಲಭವಾಗಲಿಲ್ಲ, ಏಕೆಂದರೆ ಹೊಸ ಅಡೆತಡೆ ಈಗ ಭಾರತದ ಕಡೆಯಿಂದಲೇ ಬಂತು. ವಿದೇಶಿ ವಿನಿಮಯ, ಅಂದರೆ ಹೊರನಾಡಿನಲ್ಲಿ ಖರ್ಚಿಗೆ ಬೇಕಾದ ಡಾಲರು–ಪೌಂಡುಗಳು, ದೇಶದಲ್ಲಿ ಕೊರತೆಯಾಗಿದ್ದುದರಿಂದ 1947ರ ಕಾಯ್ದೆಯೊಂದರ ಅಡಿಯಲ್ಲಿ ರಿಸರ್ವ್ ಬ್ಯಾಂಕು ಅದನ್ನು ಅಳೆದು ತೂಗಿ ಕೊಡುತ್ತಿತ್ತು. 1949ರಿಂದ 1957ರವರೆಗೆ ಆ ಬ್ಯಾಂಕಿನ ಗವರ್ನರ್ ಆಗಿದ್ದವರು, ಒಂದು ದಶಕದ ಹಿಂದೆ ಆಫ್ರಿಕದಲ್ಲಿ ಸ್ವಂತ ಮಕ್ಕಳನ್ನು ಬರಮಾಡಿಕೊಂಡಿದ್ದ ಬೆನಗಲ್ ರಾಮರಾಯರೇ. 1960ರ ದಶಕದ ಹೊತ್ತಿಗೆ ಸಾಮಾನ್ಯ ಪ್ರಯಾಣಿಕ ಹೊರನಾಡಿನ ಟಿಕೆಟ್ಟು ಕೊಳ್ಳಬೇಕಾದರೂ 'ಪಿ ಫಾರಂ' ಎಂಬ ಅನುಮತಿಪತ್ರ ಬೇಕಾಗಿತ್ತು; ಹೋಗುವವರ ಊಟ, ವಸತಿ, ಓಡಾಟದ ಹೊಣೆಯೆಲ್ಲ ತನ್ನದೆಂದು ಅಲ್ಲಿರುವ ಬಂಧು ಬರೆದುಕೊಟ್ಟರೆ ದಾರಿ ತುಸು ಸುಗಮವಾಗುತ್ತಿತ್ತು. ಕೈಯಲ್ಲಿ ಒಯ್ಯಬಹುದಾಗಿದ್ದ ವಿದೇಶಿ ಹಣ ಬೆರಳೆಣಿಕೆಯ ಡಾಲರುಗಳು. ಹಾಗಾಗಿ ಆ ಕಾಲದ ಆತಿಥ್ಯ ಬರಿಯ ಪ್ರೀತಿಯ ಮಾತಾಗಿರದೆ, ಕಾಗದದ ಮೇಲೆ ಸಹಿ ಬಿದ್ದ ಖಾತರಿಯೂ ಆಗಿತ್ತು. ಬಂದ ತಂದೆ ವಿಮಾನ ನಿಲ್ದಾಣದಲ್ಲಿ ಒಂದು ಲೋಟ ಚಹಾ ಕುಡಿಯಬೇಕಾದರೂ ಮಗನ ಕಿಸೆಯನ್ನೇ ನೋಡಬೇಕಾದ ಈ ಪರಿಸ್ಥಿತಿ, ಮನೆಯೊಳಗೆ ಹಿರಿಯರ ಸ್ಥಾನವನ್ನು ಸೂಕ್ಷ್ಮವಾಗಿ ಅಲುಗಿಸಿತು.

ಯಾರು ಹೀಗೆ ಕರೆಸುವ ಸ್ಥಿತಿಯಲ್ಲಿದ್ದರು? ಮೊದಲಿಗೆ ಶಿಕ್ಷಕರು. ಇಥಿಯೋಪಿಯದ ಚಕ್ರವರ್ತಿ ಹೈಲೆ ಸೆಲಾಸಿ ತನ್ನ ನಾಡಿನ ಶಾಲೆಗಳಿಗಾಗಿ ಭಾರತದಿಂದ ಶಿಕ್ಷಕರನ್ನು ಕರೆಸಿಕೊಂಡ 1950–60ರ ದಶಕಗಳಲ್ಲಿ ದಕ್ಷಿಣ ಭಾರತದಿಂದ, ಅದರಲ್ಲೂ ಕೇರಳದಿಂದ, ಸಾವಿರಾರು ಮಂದಿ ಹೋದರು. 1974ರ ಕ್ರಾಂತಿಯಲ್ಲಿ ಆ ಚಕ್ರವರ್ತಿಯ ಆಳ್ವಿಕೆ ಮುಗಿದಾಗ ಹಲವರು ನೈಜೀರಿಯ, ಜಾಂಬಿಯ, ಕೀನ್ಯಗಳಿಗೆ ಸರಿದರು. ನೈಜೀರಿಯದಲ್ಲಿ ಎಣ್ಣೆಯ ಹಣ ಹರಿಯುತ್ತಿದ್ದು, 1976ರಲ್ಲಿ ಎಲ್ಲ ಮಕ್ಕಳಿಗೂ ಪ್ರಾಥಮಿಕ ಶಿಕ್ಷಣ ಎಂಬ ಯೋಜನೆ ಆರಂಭವಾಗಿ ಶಿಕ್ಷಕರಿಗೆ ಬೇಡಿಕೆ ಉಕ್ಕಿತ್ತು. ಎರಡನೆಯವರು ಯಂತ್ರ ಬಲ್ಲವರು. ಭಾರತ ಸರ್ಕಾರ 1964ರಲ್ಲಿ ಆರಂಭಿಸಿದ ತಾಂತ್ರಿಕ ಮತ್ತು ಆರ್ಥಿಕ ಸಹಕಾರ ಯೋಜನೆ ತಜ್ಞರನ್ನು ಆಫ್ರಿಕದ ಹೊಸ ದೇಶಗಳಿಗೆ ಕಳಿಸಿತು. ರೈಲ್ವೆಯ ಸಲಹಾ ಸಂಸ್ಥೆಯಾದ ರೈಟ್ಸ್ 1979ರಿಂದ ಮೂರು ವರ್ಷ ನೈಜೀರಿಯದ ರೈಲ್ವೆಯ ಆಡಳಿತವನ್ನೇ ವಹಿಸಿಕೊಂಡಿತು. ಬೆಂಗಳೂರಿನ ಎಚ್‌ಎಂಟಿ ಅದೇ ದೇಶದ ಒಶೊಗ್ಬೊ ಪಟ್ಟಣದ ಯಂತ್ರೋಪಕರಣ ಕಾರ್ಖಾನೆಗೆ ತಾಂತ್ರಿಕ ಪಾಲುದಾರನಾಯಿತು. ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಕೆಲಸ ಕಲಿತ ಕೈಗಳು ಒಶೊಗ್ಬೊ ಇರುವ ಯೊರೂಬ ನಾಡಿನಲ್ಲಿ ಲೇತಿನ ಮುಂದೆ ನಿಂತದ್ದು ಹೀಗೆ.

ಅಂಬತ್ತೂರು ಈ ಭೂಪಟದಲ್ಲಿ ಕಾಣಿಸಿಕೊಳ್ಳುವುದು ತನ್ನ ಸುತ್ತಲಿನ ಕೈಗಾರಿಕೆಗಳ ಮೂಲಕ. ಅಲ್ಲಿ ಸೈಕಲ್ಲಿನ ಕಾರ್ಖಾನೆಯೂ ಟಯರಿನ ಕಾರ್ಖಾನೆಯೂ ಇದ್ದವು, ಪಕ್ಕದ ಪಾಡಿಯಲ್ಲಿ ಮೋಟಾರು ಬಿಡಿಭಾಗಗಳ ಕಾರ್ಖಾನೆಗಳ ಸಾಲು ಬೆಳೆದಿತ್ತು; ಅದೇ ರೈಲು ಹಳಿಯ ಮೇಲೆ ಕೆಲವೇ ನಿಲ್ದಾಣಗಳ ಆಚೆ, 1955ರಲ್ಲಿ ಆರಂಭವಾದ ಪೆರಂಬೂರಿನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯಿತ್ತು. ಭಾರತೀಯ ರೈಲ್ವೆ ತನ್ನ ಬೋಗಿಗಳನ್ನು ತಾನೇ ಕಟ್ಟಿಕೊಳ್ಳಲು ಸ್ಥಾಪಿಸಿದ ಈ ಕಾರ್ಖಾನೆ ಮುಂದೆ ಜಾಂಬಿಯ, ತಾಂಜಾನಿಯ, ಉಗಾಂಡ, ನೈಜೀರಿಯಗಳಿಗೂ ಬೋಗಿಗಳನ್ನು ಕಳಿಸಿತು. ಇಂಥ ಉಪನಗರಗಳ ಬಾಡಿಗೆ ಮನೆಗಳಲ್ಲಿ ತಮಿಳರ ನೆರೆಯಲ್ಲಿ ಬದುಕುತ್ತಿದ್ದ ತೆಲುಗು, ಮಲಯಾಳ, ಕನ್ನಡ ಮನೆಮಾತಿನ ಫಿಟ್ಟರು, ಟರ್ನರು, ಮೇಲ್ವಿಚಾರಕರಿಗೆ ಹೊರನಾಡಿನ ಕರಾರು ಎಂಬುದು ಸಾಲ ತೀರಿಸುವ, ತಂಗಿಯ ಮದುವೆ ಮಾಡುವ, ನಿವೇಶನ ಕೊಳ್ಳುವ ಹಾದಿಯಾಗಿ ಕಂಡಿತು.

ಆ ಕರಾರಿನ ಕಾಗದವೇ ನೆಂಟಸ್ತಿಕೆಯ ಹೊಸ ಶಾಸನ. ಅದರಲ್ಲಿ 'ಕುಟುಂಬ' ಎಂದರೆ ಸಾಮಾನ್ಯವಾಗಿ ಹೆಂಡತಿ ಮತ್ತು ನಿಗದಿತ ವಯಸ್ಸಿನೊಳಗಿನ ಮಕ್ಕಳು. ವಿಮಾನದ ಖರ್ಚು, ವೈದ್ಯಕೀಯ ನೆರವು, ವಾಸದ ಪರವಾನಗಿ ಎಲ್ಲ ಅವರಿಗಷ್ಟೇ. ತಂದೆತಾಯಿ ಬರಬೇಕೆಂದರೆ ಸ್ವಂತ ಖರ್ಚಿನಲ್ಲಿ, ಸಂದರ್ಶಕರ ಪರವಾನಗಿಯ ಮೇಲೆ ಬರಬೇಕು. 1897ರ ನೆಟಾಲ್ ಕಾಯ್ದೆ ಎಳೆದ ಗೆರೆಯೇ, ದ್ವೇಷವಿಲ್ಲದ ಆಡಳಿತ ಭಾಷೆಯಲ್ಲಿ, ಇಲ್ಲಿಯೂ ಮುಂದುವರಿದಿತ್ತು. ಊರಿನಲ್ಲಿ ಒಂದೇ ಒಲೆಯ ಅನ್ನ ಉಂಡವರು ಈ ಕಾಗದದಲ್ಲಿ ಎರಡು ಗುಂಪಾದರು.

ಆದರೂ ಹಿರಿಯರು ಹೋದರು, ಅದಕ್ಕೆ ಬಲವಾದ ಕಾರಣ ಬಾಣಂತನ. ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಬರುವುದು ಕನ್ನಡ ನಾಡಿನ ಬಹುತೇಕ ಎಲ್ಲ ಜಾತಿಗಳಲ್ಲೂ ಗಟ್ಟಿಯಾಗಿ ನಡೆದುಬಂದ ಸಂಪ್ರದಾಯ. ಗರ್ಭಿಣಿಯನ್ನು ದೂರ ಪ್ರಯಾಣಕ್ಕೆ ಹಚ್ಚುವುದು ಕಷ್ಟವೆನಿಸಿದಾಗ, ಇಲ್ಲವೇ ಗಂಡನ ರಜೆ ಹೊಂದದಾದಾಗ, ತವರೇ ಎದ್ದು ಕಡಲು ದಾಟಬೇಕಾಯಿತು. ತಾಯಿ ಒಬ್ಬಳೇ, ಬಹುಮಟ್ಟಿಗೆ ಜೀವಮಾನದ ಮೊದಲ ವಿಮಾನಯಾನದಲ್ಲಿ, ಬಾಣಂತಿಯ ಖಾರಕ್ಕೆ ಬೇಕಾದ ಮೆಣಸು, ಹಿಪ್ಪಲಿ, ಒಣಶುಂಠಿ, ಅಂಟಿನುಂಡೆಗೆ ಅಂಟು, ಕೊಬ್ಬರಿ, ಉತ್ತುತ್ತೆ, ಮಗುವಿಗೆ ಬಜೆ, ಹಳೆಯ ಪಂಚೆ ಹರಿದು ಮಾಡಿದ ಮೆತ್ತನೆಯ ಬಟ್ಟೆ ಇಷ್ಟನ್ನೂ ಪೆಟ್ಟಿಗೆಗೆ ತುಂಬಿ ಹೊರಡುತ್ತಿದ್ದಳು. ಇವುಗಳಲ್ಲಿ ಯಾವುದು ಔಷಧಿ, ಯಾವುದು ಆಹಾರ, ಯಾವುದು ಗಿಡಮೂಲಿಕೆ ಎಂದು ಸುಂಕದ ಅಧಿಕಾರಿಗೆ ಬಿಡಿಸಿ ಹೇಳುವ ಭಾಷೆ ಅವಳಲ್ಲಿರುತ್ತಿರಲಿಲ್ಲ. ಪರವಾನಗಿಯಲ್ಲಿ ಸಂದರ್ಶಕಿ ಎಂದಿದ್ದವಳು ಮನೆ ಸೇರಿದ ಮೂರನೆಯ ದಿನಕ್ಕೆ ಅಡುಗೆಮನೆಯ ಒಡತಿಯಾಗುತ್ತಿದ್ದಳು. ಎರಡು ದಿನ ಕಳೆದ ಅತಿಥಿಯ ಕೈಗೆ ಮೂರನೆಯ ದಿನ ಗುದ್ದಲಿ ಕೊಡಬೇಕೆಂಬ ಅರ್ಥದ ಗಾದೆಯೊಂದು ಸ್ವಾಹಿಲಿ ಭಾಷೆಯಲ್ಲಿದೆ. ಕನ್ನಡದ ತಾಯಂದಿರ ವಿಷಯದಲ್ಲಿ ಯಾರೂ ಕೊಡಬೇಕಾಗಿರಲಿಲ್ಲ, ಅವರೇ ಎತ್ತಿಕೊಳ್ಳುತ್ತಿದ್ದರು. ಅಮೆರಿಕದ ಮಟ್ಟಿಗೆ ಗೊರೂರು ರಾಮಸ್ವಾಮಿ ಅಯ್ಯಂಗಾರರು 'ಅಮೆರಿಕಾದಲ್ಲಿ ಗೊರೂರು' ಬರೆದು, 1980ರಲ್ಲಿ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ಪಡೆದು, ಹೊರನಾಡಿನಲ್ಲಿ ನೆಂಟನಾದ ಹಿರಿಯನ ಕಣ್ಣನ್ನು ಕನ್ನಡಕ್ಕೆ ಪರಿಚಯಿಸಿದರು. ಆಫ್ರಿಕಕ್ಕೆ ಹೋಗಿ ಬಂದ ತಾಯಂದಿರ ಅನುಭವಕ್ಕೆ ಅಷ್ಟು ದೊಡ್ಡ ಓದುಗ ಬಳಗ ದೊರೆಯಲಿಲ್ಲ, ಅದು ನಮ್ಮ ಸಾಹಿತ್ಯಕ್ಕೆ ಆದ ನಷ್ಟ.

ಹೀಗೆ ಹೋದವರಿಗೆ ಆಫ್ರಿಕದ ಸಂತೆ ಅಷ್ಟೇನೂ ಅಪರಿಚಿತವಾಗಿರಲಿಲ್ಲ ಎಂಬುದಕ್ಕೆ ಸಾವಿರಾರು ವರ್ಷಗಳ ಹಿನ್ನೆಲೆಯಿದೆ. ಹಳೆಯ ಮೈಸೂರಿನ ರಾಗಿ, ಉತ್ತರ ಕರ್ನಾಟಕದ ಜೋಳ ಮತ್ತು ಸಜ್ಜೆ ಈ ಮೂರೂ ಮೊದಲು ಪಳಗಿದ್ದು ಆಫ್ರಿಕದಲ್ಲಿ: ರಾಗಿ ಇಥಿಯೋಪಿಯ–ಉಗಾಂಡದ ಎತ್ತರದ ನಾಡಿನಲ್ಲಿ, ಜೋಳ ಸುಡಾನಿನ ಬಯಲಿನಲ್ಲಿ, ಸಜ್ಜೆ ಸಹಾರದ ದಕ್ಷಿಣದಂಚಿನಲ್ಲಿ. ಕೀನ್ಯದ ಸಂತೆಯಲ್ಲಿ 'ವಿಂಬಿ' ಎಂಬ ಹೆಸರಿನಲ್ಲಿ ರಾಶಿ ಹಾಕಿದ ಕಂದುಗೆಂಪು ಕಾಳು ರಾಗಿಯೇ. ಅಲ್ಲಿಯವರು ಅದರ ಹಿಟ್ಟಿನಿಂದ ಬೆಳಗಿನ ಗಂಜಿ ಕಾಸುತ್ತಾರೆ, ಮೆಕ್ಕೆಜೋಳದ ಹಿಟ್ಟನ್ನು ಕುದಿನೀರಿಗೆ ಸುರಿದು ಕೋಲಿನಲ್ಲಿ ತೊಳಸಿ ಗಟ್ಟಿ 'ಉಗಾಲಿ' ಮಾಡಿ ಕೈಯಿಂದ ಮುರಿದು ಸಾರಿನಲ್ಲಿ ಅದ್ದಿ ಉಣ್ಣುತ್ತಾರೆ. ಮಂಡ್ಯದ ಅಥವಾ ತುಮಕೂರಿನ ಹೆಂಗಸಿಗೆ ಆ ತೊಳಸುವಿಕೆಯನ್ನು ಯಾರೂ ಕಲಿಸಬೇಕಾಗಿಲ್ಲ. ಇಥಿಯೋಪಿಯದಲ್ಲಿ ಟೆಫ್ ಎಂಬ ಸಣ್ಣಕಾಳಿನ ಹಿಟ್ಟನ್ನು ಹುಳಿಬರಿಸಿ ಕಾವಲಿಯ ಮೇಲೆ ಅಗಲವಾಗಿ ಹೊಯ್ಯುವ 'ಇಂಜೆರ' ದೋಸೆಯ ಬಂಧುವಿನಂತಿದ್ದರೆ, ಅತಿಥಿಯೆದುರೇ ಕಾಫಿಬೀಜ ಹುರಿದು, ಕುಟ್ಟಿ, ಒಂದೇ ಪುಡಿಯಿಂದ ಮೂರು ಸುತ್ತು ಕಾಫಿ ಕೊಡುವ ಅಲ್ಲಿಯ ಪದ್ಧತಿ, ಕಾಫಿಯ ಮನೆಯಲ್ಲೇ ಬೆಳೆದ ಚಿಕ್ಕಮಗಳೂರಿನವರನ್ನೂ ಬೆರಗುಗೊಳಿಸುವಂಥದು. ಪೂರ್ವ ಆಫ್ರಿಕದಲ್ಲೂ ಇಥಿಯೋಪಿಯದಲ್ಲೂ ಗಂಟೆಯನ್ನು ಸೂರ್ಯೋದಯದಿಂದ ಎಣಿಸುವ ರೂಢಿಯಿದ್ದು, ನಮ್ಮ ಬೆಳಗಿನ ಏಳು ಅವರಿಗೆ ಒಂದು ಗಂಟೆ. ಗಳಿಗೆ–ಜಾವಗಳ ಲೆಕ್ಕದಲ್ಲಿ ಬೆಳೆದ ಮುದುಕಿಗೆ ಈ ಎಣಿಕೆ ಮಗನಿಗಿಂತ ಬೇಗ ಒಗ್ಗಿದ್ದರೆ ಆಶ್ಚರ್ಯವಿಲ್ಲ.

1972ರ ಆಗಸ್ಟಿನಲ್ಲಿ ಇದಿ ಅಮೀನ್ ಉಗಾಂಡದ ಏಷ್ಯದವರಿಗೆ ತೊಂಬತ್ತು ದಿನಗಳ ಗಡುವು ವಿಧಿಸಿದ್ದು, 1986ರಲ್ಲಿ ನೈಜೀರಿಯದ ನೈರಾ ನಾಣ್ಯದ ಬೆಲೆ ಕುಸಿದು ಶಿಕ್ಷಕರ ಸಂಬಳ ಕರಗಿದ್ದು ಇವೆರಡೂ ಹಲವು ಮನೆಗಳ ಬಾಗಿಲನ್ನು ಮುಚ್ಚಿದವು. ಅದರ ವಿವರ ಬೇರೆಯದೇ ಬರಹವನ್ನು ಬೇಡುತ್ತದೆ.

ಈ ಎಲ್ಲ ಅಡೆತಡೆಗಳಲ್ಲಿ ಪಿ ಫಾರಂ ಹೋಯಿತು, ಡಾಲರಿನ ಬರ ನೀಗಿತು, ಇಥಿಯೋಪಿಯದ ವಿಮಾನ ಸಂಸ್ಥೆ ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರು, ಚೆನ್ನೈಗಳಿಂದ ನೇರವಾಗಿ ಅಡಿಸ್ ಅಬಾಬಕ್ಕೆ ಹಾರತೊಡಗಿತು. ಉಳಿದುಕೊಂಡದ್ದು ಹಳದಿ ಜ್ವರದ ಲಸಿಕೆ. ಸೊಳ್ಳೆಯಿಂದ ಹರಡುವ ಈ ಪ್ರಾಣಾಂತಿಕ ಜ್ವರ ಆಫ್ರಿಕದ ಉಷ್ಣವಲಯದಲ್ಲಿದೆ, ಭಾರತದಲ್ಲಿಲ್ಲ. ಆದರೆ ಅದನ್ನು ಹರಡಬಲ್ಲ ಸೊಳ್ಳೆ ಭಾರತದ ಊರೂರಿನಲ್ಲೂ ಇದೆ. ಹೀಗಾಗಿ ಕೀನ್ಯ, ಉಗಾಂಡ, ಇಥಿಯೋಪಿಯ, ನೈಜೀರಿಯದಂಥ ದೇಶಗಳಿಂದ ಲಸಿಕೆಯ ಚೀಟಿಯಿಲ್ಲದೆ ಮರಳುವವರನ್ನು ಭಾರತ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುತ್ತದೆ. 1896ರಲ್ಲಿ ಡರ್ಬನ್ ಬಂದರು ಪ್ಲೇಗನ್ನು ನೆಪಮಾಡಿಕೊಂಡಿತ್ತು, ಇಲ್ಲಿಯದು ನೆಪವಲ್ಲ, ನಿಜವಾದ ಅಪಾಯದ ಮುನ್ನೆಚ್ಚರಿಕೆ. ಲಸಿಕೆಯನ್ನು 1937ರಲ್ಲಿ ರೂಪಿಸಿದ ಮ್ಯಾಕ್ಸ್ ಥೈಲರ್ ಸ್ವತಃ ದಕ್ಷಿಣ ಆಫ್ರಿಕದ ಪ್ರಿಟೋರಿಯದಲ್ಲಿ ಹುಟ್ಟಿದವರು, 1951ರಲ್ಲಿ ಆ ಕೆಲಸಕ್ಕೆ ನೊಬೆಲ್ ಪಡೆದರು. ಅಂಬತ್ತೂರಿನಿಂದ ಆಫ್ರಿಕಕ್ಕೆ ಹೊರಡುವವರು ಈ ಲಸಿಕೆಗೆ ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗಬಹುದು. ಒಂದು ಶೀಷೆಯಲ್ಲಿ ಹಲವರಿಗಾಗುವ ಮದ್ದಿರುತ್ತದೆ, ಪುಡಿಯನ್ನು ದ್ರವದಲ್ಲಿ ಕದಡಿದ ಮೇಲೆ ಅಲ್ಪ ಹೊತ್ತಿನಲ್ಲೇ ಅದನ್ನು ಬಳಸಿ ಮುಗಿಸಬೇಕು. ಆದ್ದರಿಂದ ಇಂಥ ಕೇಂದ್ರಗಳು ಗೊತ್ತಾದ ದಿನಗಳಲ್ಲಿ ಜನರನ್ನು ಒಟ್ಟಿಗೆ ಕರೆದು ಚುಚ್ಚುವುದು ವಾಡಿಕೆ. ಚುಚ್ಚಿಸಿಕೊಂಡ ಹತ್ತು ದಿನಗಳ ನಂತರವಷ್ಟೇ ಹಳದಿ ಬಣ್ಣದ ಆ ಕಿರುಪುಸ್ತಕಕ್ಕೆ ಬೆಲೆ ಬರುತ್ತದೆ.

ಅರವತ್ತು ದಾಟಿದವರಲ್ಲಿ ಈ ಲಸಿಕೆಯ ದುಷ್ಪರಿಣಾಮದ ಸಂಭವ ಕಿರಿಯರಿಗಿಂತ ಹೆಚ್ಚು ಎಂಬುದರಿಂದ, ಮೊಮ್ಮಗುವನ್ನು ನೋಡಲು ಹೊರಟ ಅಜ್ಜ–ಅಜ್ಜಿಯರ ವಿಷಯದಲ್ಲಿ ವೈದ್ಯರು ಹಿಂದೆಮುಂದೆ ನೋಡುತ್ತಾರೆ. ಹತ್ತು ವರ್ಷಕ್ಕೊಮ್ಮೆ ಅದನ್ನು ಮತ್ತೆ ಹಾಕಿಸಬೇಕೆಂಬ ನಿಯಮವಿದ್ದಾಗ, ಐವತ್ತೈದರಲ್ಲಿ ಮೊದಲ ಬಾರಿ ಹೋಗಿ ಬಂದ ತಾಯಿ ಅರವತ್ತಾರರಲ್ಲಿ ಎರಡನೆಯ ಮೊಮ್ಮಗುವಿಗಾಗಿ ಹೊರಡುವುದು ಆರೋಗ್ಯದ ಲೆಕ್ಕದಲ್ಲೇ ನಿಂತುಹೋಗಬಹುದಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ನಿಯಮದ ತಿದ್ದುಪಡಿಯಿಂದ 2016ರ ಜುಲೈ 11ರಿಂದ ಈ ಪ್ರಮಾಣಪತ್ರ ಜೀವಮಾನವಿಡೀ ಊರ್ಜಿತವಾಗಿದ್ದು, ಹಿಂದೆಂದೋ ಲಸಿಕೆ ಪಡೆದವರ ಹಳೆಯ ಚೀಟಿಗೂ ಅದು ಅನ್ವಯಿಸುತ್ತದೆ. ಒಮ್ಮೆ ಹೋಗಿ ಬಂದ ಹಿರಿಯರು ಈಗ ಅದೇ ಚೀಟಿಯ ಮೇಲೆ ಮತ್ತೆ ಹೋಗಬಹುದು.